ಹಳೆ ಟ್ರಾವೆಲ್ ಟ್ರೇಲರ್ ಕೊಳ್ಳುವ ಮುಂಚೆ ಏನೇನು ನೋಡಬೇಕು? (2014ರ ಮಾಡೆಲ್, 26 ಅಡಿ, ಓಹಾಯೋ)

#1 ಹೊಸಗಾಡಿ_ಓಹಾಯೋ

ಎಲ್ಲರಿಗೂ ನಮಸ್ಕಾರ. ಕೊಲಂಬಸ್ ಹತ್ತಿರ ಒಂದು ಟ್ರಾವೆಲ್ ಟ್ರೇಲರ್ (ಗಾಡಿ ಹಿಂದೆ ಕಟ್ಟಿ ಎಳೆಯೋ ಚಕ್ರದ ಮನೆ) ಮಾರಾಟಕ್ಕಿದೆ. 2014ರ ಮಾಡೆಲ್, 26 ಅಡಿ, ಒಂದು ಸ್ಲೈಡ್ (ನಿಲ್ಲಿಸಿದಾಗ ಹೊರಕ್ಕೆ ಚಾಚೋ ಕೋಣೆಯ ಭಾಗ), ಹೊರಗೋಡೆ ನುಣುಪು ಫೈಬರ್‌ಗ್ಲಾಸ್, ಚಾವಣಿ ರಬ್ಬರ್. ಒಬ್ಬರೇ ಮಾಲೀಕರು, ಕೇಳ್ತಿರೋದು 12,500 ಡಾಲರ್. ಎಳೆಯೋಕೆ ಹಾಫ್ ಟನ್ (ಹಗುರ ವರ್ಗದ) ಪಿಕಪ್ ಇದೆ. ಶನಿವಾರ ಬೆಳಿಗ್ಗೆ ಬನ್ನಿ ಅಂದಿದ್ದಾರೆ. ಜೊತೆಗೆ "ವಿಂಟರೈಸ್ ಮಾಡಿಟ್ಟಿದ್ದೀನಿ, ನೀರು ಬಿಟ್ಟು ತೋರಿಸೋಕಾಗಲ್ಲ" ಅಂತಾನೂ ಹೇಳಿದ್ರು. ಏನೇನು ತಗೊಂಡ್ಹೋಗ್ಬೇಕು, ಯಾವುದನ್ನ ಮೊದಲು ನೋಡ್ಬೇಕು? ಕಾರು ನೋಡಿ ಕೊಳ್ಳೋದು ಗೊತ್ತು, ಇದು ಗೊತ್ತಿಲ್ಲ.

#2 ಸ್ಪ್ಯಾನರ್_ಪೆಟ್ಟಿಗೆ

ಕೆಲಸ ಶನಿವಾರ ಶುರುವಾಗಲ್ಲ, ಗುರುವಾರದ ಫೋನಲ್ಲೇ ಶುರುವಾಗುತ್ತೆ. ಮಾರುವವರಿಗೆ ಇಷ್ಟು ಹೇಳಿ:

ಶುಕ್ರವಾರ ಬೆಳಿಗ್ಗೆಯೇ ಫ್ರಿಜ್ ಆನ್ ಮಾಡಿರಲಿ. ಈ ವಯಸ್ಸಿನ ಟ್ರೇಲರ್‌ಗಳಲ್ಲಿ ಬಹುಪಾಲು ಇರೋದು ಕಂಪ್ರೆಸರ್ ಇಲ್ಲದ ಅಮೋನಿಯಾ ಫ್ರಿಜ್. ಅದು ತಣ್ಣಗಾಗೋಕೆ 8ರಿಂದ 12 ಗಂಟೆ ತಗೊಳ್ಳುತ್ತೆ. ನೀವು ಹೋದ ಮೇಲೆ ಆನ್ ಮಾಡಿದ್ರೆ "ಈಗಷ್ಟೇ ಹಾಕಿದೀನಿ ಸರ್" ಅನ್ನೋ ಮಾತು ಕೇಳಿಕೊಂಡು ಬರ್ತೀರಿ, ಅಷ್ಟೇ. ವಾಟರ್ ಹೀಟರ್ ಮಾತ್ರ ಆನ್ ಮಾಡಿರಬಾರದು. ತಣ್ಣಗಿರುವಾಗ ಅದು ಹೊತ್ತಿಕೊಳ್ಳೋದನ್ನ ನೀವು ನೋಡಬೇಕು. ಎರಡು ಸಿಲಿಂಡರಲ್ಲೂ ಗ್ಯಾಸ್ ಇರಲಿ, ಬ್ಯಾಟರಿ ಚಾರ್ಜ್ ಆಗಿರಲಿ, ಟ್ರೇಲರ್ ಸಮತಟ್ಟಾಗಿ ನಿಂತಿರಲಿ, 30 ಆಂಪ್ ಕನೆಕ್ಷನ್ ಇರಲಿ. ಇಲ್ಲದಿದ್ರೆ ಕೊನೇಪಕ್ಷ 20 ಆಂಪ್‌ನ ಮನೆ ಸಾಕೆಟ್ಟು, ಅದಕ್ಕೆ ಅಡಾಪ್ಟರು.

ವಿಂಟರೈಸ್ ಕಥೆಗೆ ಬಗ್ಗಬೇಡಿ. ವಿಂಟರೈಸ್ ಅಂದ್ರೆ ಪೈಪ್‌ಗಳಲ್ಲಿ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿದೆ ಅಂತ. ಅದನ್ನ ಹೊರಗೆ ತಳ್ಳಿ ನೀರು ತುಂಬೋಕೆ ಅರ್ಧ ಗಂಟೆ ಸಾಕು. ವಾಪಸ್ ತುಂಬೋಕೆ, ಹೀಟರನ್ನ ಬೈಪಾಸ್ ಮಾಡಿದ್ರೆ (ಅದರ ಟ್ಯಾಂಕಿಗೆ ಹೋಗದಂತೆ ತಿರುಗಿಸಿದ್ರೆ), 2-3 ಗ್ಯಾಲನ್ ಬೇಕು. ಆ ಕ್ಯಾನುಗಳ ದುಡ್ಡು ನಾವೇ ಕೊಡ್ತೀವಿ ಅನ್ನಿ. ಅವರು ವಿಂಟರೈಸ್ ಸರಿಯಾಗಿ ಮಾಡಿದ್ರೋ ಇಲ್ವೋ ಗೊತ್ತಾಗೋ ದಾರಿ ಇದೊಂದೇ. ಹಿಮ ಕಟ್ಟಿದಾಗ ಪೆಕ್ಸ್ (ಬಾಗುವ ಪ್ಲಾಸ್ಟಿಕ್) ಪೈಪು ಹಿಗ್ಗಿ ತಡ್ಕೊಳ್ಳುತ್ತೆ. ಸೀಳೋದು ಪ್ಲಾಸ್ಟಿಕ್ ಎಲ್ಬೋ, ನಲ್ಲಿ, ಪಂಪಿನ ತಲೆ, ಟಾಯ್ಲೆಟ್ ವಾಲ್ವು. ಹೊರಗಿಂದ ಒಂದೂ ಕಾಣಲ್ಲ. ನೀರು ಬಿಡೋಕೆ ಒಪ್ಪದಿದ್ರೆ ಆ ಇಡೀ ವ್ಯವಸ್ಥೆ ಕೆಟ್ಟಿದೆ ಅಂತಲೇ ಲೆಕ್ಕ ಹಾಕಿ.

ಒಯ್ಯಬೇಕಾದ್ದು: ಒಳ್ಳೆ ಟಾರ್ಚು, ಮಾಯಿಶ್ಚರ್ ಮೀಟರು, ಮಲ್ಟಿಮೀಟರು, ಸಾಕೆಟ್ ಟೆಸ್ಟರು, ಅಡುಗೆಮನೆಯ ಪ್ರೋಬ್ ಥರ್ಮಾಮೀಟರು ಎರಡು, ಬಿಳಿ ಹೋಸು (ಕುಡಿಯೋ ನೀರಿಂದು), ಪ್ರೆಶರ್ ರೆಗ್ಯುಲೇಟರು, ದಬ್ಬಳ, ಏಣಿ, ಕೆಳಗೆ ಮಲಗೋಕೆ ಹಳೆ ಚಾಪೆ. ಸಮಯ 4 ಗಂಟೆ ಇಟ್ಕೊಳ್ಳಿ. "ಒಂದು ಗಂಟೆ ಸಾಕಲ್ವಾ" ಅಂದ್ರೆ ಸಾಕಾಗಲ್ಲ ಅಂತ ಮೊದಲೇ ಹೇಳಿಬಿಡಿ.

#3 ಕುಡ್ಲ_ಕಡಲು

ಮಾರಾಯ್ರೆ, ಒಳಗಿನ ಸೋಫಾ, ಟಿವಿ, ಲೈಟು ಎಲ್ಲ ಕೊನೆಗೆ ನೋಡಿ. ಮೊದಲು ನೀರು. ಟೈರ್ ಹೋದ್ರೆ ಟೈರ್ ಹಾಕ್ಬಹುದು, ಫ್ರಿಜ್ ಹೋದ್ರೆ ಫ್ರಿಜ್ ಹಾಕ್ಬಹುದು, ಎಲ್ಲದಕ್ಕೂ ಒಂದು ಬಿಲ್ಲು ಉಂಟು. ಗೋಡೆ ಒಳಗೆ ನೀರು ಹೋಗಿದ್ರೆ ಬಿಲ್ಲು ಎಷ್ಟು ಅಂತ ಬಿಚ್ಚುವವರೆಗೆ ಯಾರಿಗೂ ಗೊತ್ತಾಗುದಿಲ್ಲ. ಮತ್ತೆ ನಮ್ಮ ಕಡೆ ಮಳೆಗಾಲ ಕಂಡವರಿಗೆ ಬೇರೆ ಹೇಳ್ಬೇಕಾ, ನೀರು ಇಳಿಯುವ ಜಾಗ ಒಂದು, ಕಾಣುವ ಜಾಗ ಇನ್ನೊಂದು.

ಮಾಡಿಗೆ (ಚಾವಣಿಗೆ) ಹತ್ತಿ. ಟ್ರೇಲರಿಗೇ ಏಣಿ ಕೂಡಿಸಿದ್ರೆ ಸಾಮಾನ್ಯವಾಗಿ ಮೇಲೆ ನಡೀಬಹುದು ಅಂತ ಅರ್ಥ. ಇಲ್ಲದಿದ್ರೆ ನಿಮ್ಮ ಏಣಿ ಮೇಲೆ ನಿಂತು ನಾಲ್ಕೂ ಕಡೆಯಿಂದ ನೋಡಿ, ಕಾಲು ಇಡ್ಬೇಡಿ. ರಬ್ಬರಿಗೆ ಕೈ ಉಜ್ಜಿದ್ರೆ ಬಿಳಿ ಪುಡಿ ಬರ್ತದೆ, ಅದಕ್ಕೆ ಹೆದರ್ಬೇಡಿ, ಇಪಿಡಿಎಂ ಶೀಟಿನ ಗುಣವೇ ಹಾಗೆ. ಬಿಳಿ ಹೋಗಿ ಕೆಳಗಿನ ಕಪ್ಪು ಕಾಣ್ತಾ ಉಂಟಾದ್ರೆ ಶೀಟು ಮುಗಿಯುತ್ತಾ ಬಂತು. ಆಮೇಲೆ ವೆಂಟು, ಸ್ಕೈಲೈಟು, ಟ್ಯಾಂಕಿನ ಗಾಳಿಕೊಳವೆ, ಆಂಟೆನಾ, ಒಂದೊಂದರ ಸುತ್ತಲೂ ಬಳಿದ ಸೀಲಂಟನ್ನು ನೋಡಿ. ಕೂದಲೆಳೆಯ ಬಿರುಕು, ಅಂಚು ಎದ್ದದ್ದು, ಸ್ಕ್ರೂ ತಲೆ ಹೊರಗೆ ಇಣುಕಿದ್ದು. ಅದನ್ನು ವರ್ಷಕ್ಕೆ ಎರಡು ಸಲವಾದ್ರೂ ನೋಡಿ ತೇಪೆ ಹಾಕ್ಬೇಕು. ಕೊನೇ ಸಲ ಯಾವಾಗ ಹಾಕಿದ್ದು ಅಂತ ಕೇಳಿ. ಮಾಲೀಕರ ಮುಖ ನೋಡಿದ್ರೆ ಉತ್ತರ ಸಿಗ್ತದೆ. ಬಾತ್‌ರೂಮಿಗೆ ಹಾಕುವ ಸಿಲಿಕೋನ್ ಬಳಿದಿದ್ರೆ ಅದು ತಲೆನೋವು, ಅದರ ಮೇಲೆ ಬೇರೆ ಯಾವುದೂ ಹಿಡಿಯುದಿಲ್ಲ, ಪೂರ್ತಿ ಕೆರೆದು ತೆಗೀಬೇಕು. ಒಂದೇ ಮೂಲೆಯಲ್ಲಿ ಮಾತ್ರ ಹೊಸ ಸೀಲಂಟು ಫಳಫಳ ಅಂತಿದ್ರೆ ಅಲ್ಲಿಗೇ ಮೀಟರ್ ಹಿಡೀರಿ.

ಎಸಿಯ ಕೆಳಗೆ 14 ಇಂಚು ಚೌಕದ ತೂತು ಉಂಟು. ಎಸಿ ಅದರ ಮೇಲೆ ಒಂದು ಗ್ಯಾಸ್ಕೆಟ್ಟಿನಲ್ಲಿ ಕೂತದ್ದು, ಒಳಗಿಂದ ಬೋಲ್ಟು ಬಿಗಿದದ್ದು. ಗ್ಯಾಸ್ಕೆಟ್ ಕುಗ್ಗಿದ್ರೆ ಮಳೆನೀರು ಸೀದ ಒಳಗೆ. ಒಳಗಿನ ಗ್ರಿಲ್ ತೆಗೆದು ಟಾರ್ಚ್ ಬಿಡಿ, ಮರದ ಅಂಚು ಕಪ್ಪಾಗಿದೆಯಾ ನೋಡಿ.

ಈಗ ಗೋಡೆ. ಟ್ರೇಲರಿನ ಹಿಂದಿನ ಮೂಲೆಗೆ ನಿಂತು, ಕೆನ್ನೆ ಗೋಡೆಗೆ ತಾಗುವ ಹಾಗೆ ಇಟ್ಟು, ಉದ್ದಕ್ಕೆ ಕಣ್ಣು ಹಾಯಿಸಿ. ಬೆಳಗ್ಗಿನ ಓರೆ ಬಿಸಿಲು ಇದಕ್ಕೆ ಒಳ್ಳೇದು. ಮೋಡ ಇದ್ರೆ ಟಾರ್ಚನ್ನು ಗೋಡೆಗೆ ಮಲಗಿಸಿ ಹಿಡೀರಿ. ಎದುರಿಂದ ನೋಡುವಾಗ ಕನ್ನಡಿಯ ಹಾಗೆ ಕಂಡ ಗೋಡೆಯಲ್ಲಿ ಓರೆ ಬೆಳಕಿಗೆ ನೀರುದೋಸೆ ಕಾವಲಿಯಿಂದ ಎದ್ದ ಹಾಗೆ ಉಬ್ಬು ಕಾಣ್ತದೆ. ಅಂಗೈಯಿಂದ ಒತ್ತಿ: ಒಳಗೆ ಹೋಗಿ ವಾಪಸ್ ಬರ್ತದೆ, ಕೆಲವು ಸಲ ಟಿಕ್ ಅಂತ ಶಬ್ದ. ಅದೇ ಡಿಲ್ಯಾಮಿನೇಶನ್. ಫೈಬರ್‌ಗ್ಲಾಸ್ ಪೊರೆ, ಅದರ ಹಿಂದೆ ತೆಳು ಪ್ಲೈವುಡ್, ಅದರ ಹಿಂದೆ ಫೋಮು, ಎಲ್ಲ ಗೋಂದಿನಲ್ಲಿ ಅಂಟಿಸಿದ್ದು. ನೀರು ಕುಡಿದ ಪ್ಲೈವುಡ್ಡಿನ ಪದರ ಬಿಟ್ಟದ್ದೇ ಆ ಉಬ್ಬು. ಕಿಟಕಿಯ ಕೆಳಗಿನ ಮೂಲೆ, ಮುಂಭಾಗದ ಮೇಲಿನ ಸಣ್ಣ ಮಾರ್ಕರ್ ಲೈಟು, ಸ್ಲೈಡಿನ ಅಂಚು, ಇಲ್ಲಿ ಹೆಚ್ಚು. ಅಂಗೈ ಅಗಲದ್ದಾದ್ರೆ ಎಪಾಕ್ಸಿ ಚುಚ್ಚಿ ಒತ್ತಿ ಕೂರಿಸುವವರು ಇದ್ದಾರೆ. ಅದಕ್ಕಿಂತ ದೊಡ್ಡದಾದ್ರೆ ಈ ಬೆಲೆಯ ಟ್ರೇಲರಿಗೆ ಗೋಡೆ ಬದಲಿಸುವುದು ಲೆಕ್ಕಕ್ಕೆ ಬರುದಿಲ್ಲ, ಅಲ್ಲಿಂದಲೇ ವಾಪಸ್ ಬನ್ನಿ.

ಒಳಗೆ ಹೋದ ಕೂಡಲೇ ಮೂಗು ಬಳಸಿ. ಏರ್ ಫ್ರೆಶ್‌ನರ್ ಮೂರು ನಾಲ್ಕು ಇಟ್ಟಿದ್ರೆ ಸಂಶಯ ಪಡಿ. ಮೇಲಿನ ಕಪಾಟುಗಳ ಒಳಮೂಲೆ, ಮಂಚದ ಕೆಳಗೆ, ಮುಂದಿನ ಸಾಮಾನಿನ ಖಾನೆ, ಎಲ್ಲ ಬಾಗಿಲು ತೆಗೆದು ಬೆರಳಲ್ಲಿ ಒತ್ತಿ ನೋಡಿ. ನೆಲವನ್ನು ಚಪ್ಪಲಿ ಬಿಚ್ಚಿ ಹಿಮ್ಮಡಿಯಲ್ಲಿ ಒತ್ತುತ್ತಾ ನಡೀರಿ: ಬಾಗಿಲ ಹತ್ತಿರ, ಟಾಯ್ಲೆಟ್ ಸುತ್ತ, ಶವರ್ ಎದುರು, ಸ್ಲೈಡಿನ ಎರಡೂ ಮೂಲೆ.

#4 ಧಾರವಾಡದಾಂವ

ಕುಡ್ಲದವರು ಹೇಳಿದ್ದು ಬರೋಬ್ಬರಿ ಅದ. ಆದ್ರ ಮಾಯಿಶ್ಚರ್ ಮೀಟರ್ ಮ್ಯಾಲ ಪೂರಾ ಭರೋಸಾ ಇಡಬ್ಯಾಡ್ರಿ. ಮೊಳೆ ಇಲ್ಲದ, ಬರೀ ಗ್ವಾಡಿಗೆ ಹಚ್ಚಿ ನೋಡೋ ಮೀಟರಿಗೆ ಒಳಗಿನ ಅಲ್ಯೂಮಿನಿಯಂ ಪಟ್ಟಿ ಸಿಕ್ಕರ ಸಾಕು, ಒಣಾ ಜಾಗಾನೂ ಹಸಿ ಅಂತ ತೋರಸ್ತದ. ಮೊದಲ ಗ್ವಾಡಿ ನಡುವ, ಕಿಟಕಿಯಿಂದ ದೂರ, ಒಂದು ಒಣಾ ಜಾಗ ಹಿಡದು ನಂಬರ್ ಬರಕೋರಿ. ಉಳದ ಕಡೆ ಅದಕ್ಕ ಹೋಲಿಸಿ ನೋಡ್ರಿ. ಎರಡು ಮೊಳೆ ಇರೋ ಮೀಟರ್ ಖರೇ ಹೇಳ್ತದ, ಆದ್ರ ತೂತು ಬೀಳ್ತಾವ, ಮಾಲಕರನ್ನ ಕೇಳಿ ಕಪಾಟಿನ ಒಳಗ ಚುಚ್ಚರಿ. ಕಟಗಿಯೊಳಗ 15% ಒಳಗ ಇದ್ರ ಚಿಂತಿಲ್ಲ. 20% ದಾಟಿದ್ರ ಅಲ್ಲೆ ನೀರು ಬರಾಕತ್ತದ. ಇನ್ನೊಂದು: ತಿಂಗಳಗಟ್ಟಲೆ ಶೆಡ್ಡಿನ್ಯಾಗ ನಿಂತ ಗಾಡಿ ಒಣಾನ ತೋರಸ್ತದ, ಆದ್ರ ಒಳಗ ಕಟಗಿ ಯಾವಾಗೋ ಕೊಳತಿರ್ತದ. ಕಲೆ ಅದ, ಮೀಟರ್ ಸುಮ್ಮನದ ಅಂದ್ರ ದಬ್ಬಳದ ತುದಿ ಒತ್ತಿ ನೋಡ್ರಿ. ಗಟ್ಟಿ ಇದ್ರ ತಡೀತದ, ಕೊಳತಿದ್ರ ರೊಟ್ಟಿಗೆ ಚುಚ್ಚಿದಂಗ ಹೋಗ್ತದ.

ನಾ ಹೇಳೂದು ಕೆಳಗಿಂದು. ಚಾಪಿ ಹಾಸಿ ಮಲಕೋರಿ.

ಟೈರು: ಬದಿಗೆ ಡಿಒಟಿ ಅಕ್ಷರ ಆದ ಮ್ಯಾಲ ಕಡೀಕ ನಾಲ್ಕು ಅಂಕಿ ಇರ್ತಾವ. 3219 ಅಂದ್ರ 2019ರ 32ನೇ ವಾರ. ಹೊರಗ ಕಾಣ್ಲಿಲ್ಲಂದ್ರ ಒಳಮೈಗೆ ನೋಡ್ರಿ, ಒಂದ ಕಡೆ ಅಷ್ಟ ಹಾಕಿರ್ತಾರ. ಟ್ರೇಲರ್ ಟೈರು ತಿಕ್ಕಿ ಸಾಯೂದಿಲ್ಲ, ನಿಂತು ಸಾಯ್ತಾವ. ಟ್ರೆಡ್ (ಟೈರಿನ ಗೀರು) ಹೊಸಾ ಇದ್ದಂಗ ಇದ್ರೂ 5-6 ವರ್ಷ ಆದ್ವು ಅಂದ್ರ ಬದಲಿ ಖರ್ಚು ಲೆಕ್ಕದಾಗ ಹಿಡೀರಿ. ಸೈಜಿನ ಮುಂದ 'ಎಸ್‌ಟಿ' (ಸ್ಪೆಷಲ್ ಟ್ರೇಲರ್) ಇರಬೇಕು. ಉದಾಹರಣೆಗೆ ಎಸ್‌ಟಿ 225/75ಆರ್15, ಲೋಡ್ ರೇಂಜ್ (ಭಾರ ಹೊರೋ ದರ್ಜೆ) ಡಿ ಆದ್ರ 65 ಪಿಎಸ್‌ಐಗೆ 2,540 ಪೌಂಡ್ ಹೊರತದ, ಇ ಆದ್ರ 80 ಪಿಎಸ್‌ಐಗೆ 2,830. ಒಂದ ಅಂಚು ಅಷ್ಟ ಸವದಿದ್ರ ಆಕ್ಸಲ್ ಬಾಗ್ಯದ ಇಲ್ಲಾ ಸ್ಪ್ರಿಂಗ್ ಹ್ಯಾಂಗರ್ ಸರದದ. ಸ್ಪೇರ್ ಟೈರಿಂದೂ ತಾರೀಖು ನೋಡ್ರಿ, ಅದು ಬಹುತೇಕ ಗಾಡಿ ವಯಸ್ಸಿಂದ ಇರ್ತದ.

ಸ್ಪ್ರಿಂಗ್ ಪಟ್ಟಿ, ನಡುವಿನ ಈಕ್ವಲೈಜರ್ (ಎರಡು ಸ್ಪ್ರಿಂಗ್ ಕೂಡಸೋ ತುಂಡು), ಶ್ಯಾಕಲ್ (ಸ್ಪ್ರಿಂಗ್ ಹಿಡಿಯೋ ಕೊಂಡಿ) ಬೋಲ್ಟು: ಕಾರ್ಖಾನೆಯಿಂದ ಬರೋವಾಗ ಪ್ಲಾಸ್ಟಿಕ್ ಬುಷ್ ಹಾಕಿರ್ತಾರ. ಅವು ಸವದು ಬೋಲ್ಟು ತೂತನ್ನ ಮೊಟ್ಟಿ ಆಕಾರ ಮಾಡಿರ್ತದ. ಹ್ಯಾಂಗರ್ ಚಾಸಿಗೆ ಬೆಸುಗಿ ಹಾಕಿದಲ್ಲಿ ಕೂದಲಿನಂಗ ತುಕ್ಕಿನ ಗೆರಿ ಕಂಡ್ರ ಅದು ಬಿರುಕು.

ಬ್ರೇಕು: ಮುಂದಿನ ತ್ರಿಕೋನ ಚೌಕಟ್ಟಿನ ಮ್ಯಾಲ ಬ್ರೇಕ್‌ಅವೇ ಸ್ವಿಚ್ (ಟ್ರೇಲರ್ ಕಳಚಿ ಹೋದ್ರ ಬ್ರೇಕ್ ಹಾಕೂದು) ಇರ್ತದ, ಪಿನ್ ಎಳದ್ರ ನಾಲ್ಕೂ ಗಾಲಿ ಹಿಡೀಬೇಕು. ಡಿಸಿ ಕ್ಲ್ಯಾಂಪ್ ಮೀಟರ್ ಇದ್ರ ವೈರಿಗೆ ಹಾಕಿ ನೋಡ್ರಿ. ಒಂದೊಂದು ಗಾಲಿಯ ಬ್ರೇಕ್ ಮ್ಯಾಗ್ನೆಟ್ ಸುಮಾರು 3 ಆಂಪ್ ಎಳೀತದ, ನಾಲ್ಕಕ್ಕ 12. 9 ಬಂತಂದ್ರ ಒಂದು ಸತ್ತದ, 6 ಬಂತಂದ್ರ ಎರಡು. ಪಿನ್ ಭಾಳ ಹೊತ್ತು ಹೊರಗ ಇಡಬ್ಯಾಡ್ರಿ, ಮ್ಯಾಗ್ನೆಟ್ ಕಾಯ್ತಾವ, ಬ್ಯಾಟರಿ ಇಳೀತದ. ಬೇರಿಂಗಿಗೆ ಗ್ರೀಸ್ ಹಾಕಿದ ಕಾಗದ ಕೇಳ್ರಿ. ವರ್ಷಕ್ಕೊಮ್ಮೆ ಇಲ್ಲಾ 12,000 ಮೈಲಿಗೊಮ್ಮೆ ಆಗಬೇಕು. ಕಾಗದ ಇಲ್ಲಂದ್ರ ಆಗಿಲ್ಲ ಅಂತ ತಿಳಕೋರಿ.

#5 ಮೂರ್_ಫೇಸ್

ಕರೆಂಟಿನ ಬಗ್ಗೆ. ಮೊದಲು ಜೀವ ಉಳಿಸೋ ಮಾತು: ಟ್ರೇಲರಿನ 30 ಆಂಪ್ ಪ್ಲಗ್ಗು 120 ವೋಲ್ಟಿಂದು, ಒಂದೇ ಲೈವ್. ನೋಡೋಕೆ ಹಳೇ ಡ್ರೈಯರ್ ಪ್ಲಗ್ಗಿನ ಥರಾನೇ ಇರುತ್ತೆ ಅಂತ ಕೆಲವು ಎಲೆಕ್ಟ್ರಿಷಿಯನ್ನುಗಳು ಮನೆಯಲ್ಲಿ ಅದಕ್ಕೆ 240 ಕೊಟ್ಟುಬಿಡ್ತಾರೆ. ಚುಚ್ಚಿದ ಕ್ಷಣಕ್ಕೆ ಕನ್ವರ್ಟರು (120 ವೋಲ್ಟನ್ನ ಬ್ಯಾಟರಿಗೆ ಬೇಕಾದ 12 ವೋಲ್ಟ್ ಡಿಸಿ ಮಾಡೋದು), ಮೈಕ್ರೋವೇವು, ಎಸಿ ಬೋರ್ಡು ಎಲ್ಲಾ ಹೋಗುತ್ತೆ. ಮಾಲೀಕರ ಮನೆ ಸಾಕೆಟ್ಟನ್ನ ಮಲ್ಟಿಮೀಟರಲ್ಲಿ ಅಳೆದೇ ಚುಚ್ಚಿ. ಚುಚ್ಚಿದ ಮೇಲೆ, ಮುಟ್ಟದೇ ನೋಡೋ ವೋಲ್ಟೇಜ್ ಟೆಸ್ಟರನ್ನ ಟ್ರೇಲರಿನ ಲೋಹದ ಮೈಗೆ ಹಿಡಿಯಿರಿ. ಕೂಗಿದ್ರೆ ಗಾಡಿ ಮುಟ್ಟಬೇಡಿ, ಅರ್ತಿಂಗ್ ಕೆಟ್ಟಿದೆ. ಸಾಕೆಟ್ ಟೆಸ್ಟರಿನಿಂದ ಒಳಗಿನ ಎಲ್ಲಾ ಪಾಯಿಂಟು ನೋಡಿ, ಜಿಎಫ್‌ಸಿಐ (ಕರೆಂಟ್ ಸೋರಿದ್ರೆ ಕಟ್ ಮಾಡೋ ಸಾಕೆಟ್ಟು) ಬಟನ್ ಒತ್ತಿ ಟ್ರಿಪ್ ಮಾಡಿಸಿ.

ಬ್ಯಾಟರಿ: ಪ್ಲಗ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಅಳೆದ್ರೆ ತುಂಬಿದ ಲೆಡ್ ಆಸಿಡ್ ಬ್ಯಾಟರಿ 12.6-12.7, ಅರ್ಧ ಖಾಲಿ ಆದ್ರೆ 12.1 ಆಸುಪಾಸು. ಪ್ಲಗ್ ಹಾಕಿ ಅಳೆದ್ರೆ 13.2ಕ್ಕಿಂತ ಮೇಲೆ ಹೋಗಬೇಕು, ಚಾರ್ಜ್ ಆಗ್ತಿರುವಾಗ 14ರ ಹತ್ತಿರವೂ ಬರಬಹುದು. ಏರದೇ ಇದ್ರೆ ಕನ್ವರ್ಟರ್ ಕಡೆ ತೊಂದರೆ.

ಎಸಿ: 20 ನಿಮಿಷ ಓಡಿಸಿ. ಒಂದು ಥರ್ಮಾಮೀಟರ್ ಗಾಳಿ ಎಳೆಯೋ ಜಾಗದಲ್ಲಿ, ಇನ್ನೊಂದು ತಣ್ಣಗಿನ ಗಾಳಿ ಬರೋ ಬಾಯಲ್ಲಿ. ನಡುವಿನ ಅಂತರ 16ರಿಂದ 22 ಡಿಗ್ರಿ ಫ್ಯಾರನ್‌ಹೀಟ್ ಇದ್ರೆ ಸರಿ. 10ಕ್ಕಿಂತ ಕಮ್ಮಿ ಇದ್ರೆ ಮೊದಲು ಫಿಲ್ಟರ್ ತೊಳೆದು, ತಣ್ಣನೆ ಗಾಳಿ ಒಳಗೇ ಸೋರಿ ವಾಪಸ್ ಎಳ್ಕೊಳ್ತಿದೆಯಾ ನೋಡಿ. ಇಲ್ಲ ಅಂದ್ರೆ ಗ್ಯಾಸ್ ಹೋಗಿದೆ. ಈ ಎಸಿಗಳಲ್ಲಿ ಗ್ಯಾಸ್ ತುಂಬೋ ವಾಲ್ವ್ ಇರಲ್ಲ, ಇಡೀ ಯೂನಿಟ್ಟೇ ಬದಲಾಯಿಸ್ತಾರೆ.

ಕಾರ್ಬನ್ ಮಾನಾಕ್ಸೈಡ್ ಅಲಾರಂ, ಗ್ಯಾಸ್ ಅಲಾರಂ ಎರಡರ ಹಿಂಬದಿಯಲ್ಲೂ ತಯಾರಾದ ದಿನಾಂಕ ಇರುತ್ತೆ. ಮಾದರಿ ನೋಡಿಕೊಂಡು 5ರಿಂದ 10 ವರ್ಷ ಆಯಸ್ಸು. ಟೆಸ್ಟ್ ಬಟನ್ ಒತ್ತಿದ್ರೆ ಕೂಗುತ್ತೆ, ಆದ್ರೆ ಅದು ಸ್ಪೀಕರಿನ ಪರೀಕ್ಷೆ, ಸೆನ್ಸರಿಂದಲ್ಲ.

#6 ಹೊಸಗಾಡಿ_ಓಹಾಯೋ

ತುಂಬಾ ಥ್ಯಾಂಕ್ಸ್. ನೀರು ಬಿಡೋಕೆ ಒಪ್ಪಿದ್ರು, ಆಂಟಿಫ್ರೀಜ್ ದುಡ್ಡಿನ ಮಾತು ಕೆಲಸ ಮಾಡ್ತು. ಇನ್ನೆರಡು ಪ್ರಶ್ನೆ. "ಫ್ರಿಜ್ ಕರೆಂಟಲ್ಲಿ ಚೆನ್ನಾಗಿದೆ, ಗ್ಯಾಸಲ್ಲಿ ಯಾವತ್ತೂ ಹಾಕಿಲ್ಲ" ಅಂತಾರೆ. ಮತ್ತೆ ಬಾಗಿಲ ಪಕ್ಕ ಆರ್‌ವಿಐಎ (ಇಂಥ ಗಾಡಿ ತಯಾರಕರ ಸಂಘ) ಸೀಲ್ ಇದೆ, ಅಂದ್ರೆ ಕ್ವಾಲಿಟಿ ಪರವಾಗಿಲ್ಲ ಅಂತ ಅಲ್ವಾ?

#7 ಸ್ಪ್ಯಾನರ್_ಪೆಟ್ಟಿಗೆ

ಆ ಸೀಲ್ ಹೇಳೋದು ಇಷ್ಟೇ: ಕರೆಂಟು, ಗ್ಯಾಸು, ಪ್ಲಂಬಿಂಗು, ಬೆಂಕಿ ಸುರಕ್ಷತೆಯ ನಿಯಮ ಪಾಲಿಸಿ ಕಟ್ಟಿದ್ದೀವಿ ಅಂತ. ಸೀಲಂಟ್ ನೆಟ್ಟಗೆ ಬಳಿದಿದ್ದಾರಾ, ಕಪಾಟು ಎಷ್ಟು ದಿನ ಬಾಳುತ್ತೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇಂಡಿಯಾನಾದ ಎಲ್ಕಾರ್ಟ್ ಸುತ್ತಮುತ್ತ ತಯಾರಾಗಿ ಹೊರಡೋ ಹೆಚ್ಚುಕಮ್ಮಿ ಎಲ್ಲಾ ಟ್ರೇಲರಿಗೂ ಆ ಸೀಲ್ ಇರುತ್ತೆ, ಒಳ್ಳೇದಕ್ಕೂ ಕೆಟ್ಟದ್ದಕ್ಕೂ.

ಫ್ರಿಜ್: ಗ್ಯಾಸಲ್ಲೂ ಹೊತ್ತಿಸಲೇಬೇಕು. ಹೊರಗಿನ ಜಾಲರಿ ಬಾಗಿಲು ತೆಗೆದ್ರೆ ಬರ್ನರ್ ಕಾಣುತ್ತೆ. ಜ್ವಾಲೆ ನೀಲಿ ಇರಬೇಕು. ಅಲ್ಲೇ ಪೈಪ್‌ಗಳ ಮೇಲೆ ಹಳದಿ ಪುಡಿ ಅಥವಾ ಹಳದಿ ಕಲೆ ಇದೆಯಾ ನೋಡಿ. ಅದು ತುಕ್ಕು ಹಿಡೀದೇ ಇರಲಿ ಅಂತ ಒಳಗೆ ಹಾಕಿರೋ ಸೋಡಿಯಂ ಕ್ರೋಮೇಟ್. ಹೊರಗೆ ಬಂದಿದೆ ಅಂದ್ರೆ ಕೊಳವೆ ತೂತಾಗಿದೆ. ಒಳಗೆ ಅಮೋನಿಯಾ ವಾಸನೆ ಬಂದ್ರೂ ಅಷ್ಟೇ. ಇಂಥ ಫ್ರಿಜ್ಜನ್ನ ಸಮತಟ್ಟಿಲ್ಲದ ಜಾಗದಲ್ಲಿ ಗಂಟೆಗಟ್ಟಲೆ ಓಡಿಸಿದ್ರೆ ಒಳಗಿನ ದ್ರವ ಒಂದೇ ಕಡೆ ನಿಂತು ಬಾಯ್ಲರ್ ಕಾದು ಕೊಳವೆ ಹಾಳಾಗುತ್ತೆ.

ವಾಟರ್ ಹೀಟರ್: ಕರೆಂಟ್ ಸ್ವಿಚ್ ಮುಟ್ಟೋ ಮುಂಚೆ ಟ್ಯಾಂಕಲ್ಲಿ ನೀರಿದೆ ಅಂತ ಖಾತ್ರಿ ಮಾಡ್ಕೊಳ್ಳಿ. ಮೇಲಿನ ಪ್ರೆಶರ್ ವಾಲ್ವಿನ ಪುಟ್ಟ ಹಿಡಿಕೆ ಎತ್ತಿದ್ರೆ ನೀರು ಚಿಮ್ಮಬೇಕು. ಒಣ ಟ್ಯಾಂಕಿಗೆ ಕರೆಂಟ್ ಕೊಟ್ರೆ ಎಲಿಮೆಂಟ್ ನಿಮಿಷದಲ್ಲಿ ಸುಡುತ್ತೆ, ಆ ಖರ್ಚು ನಿಮ್ಮ ತಲೆಗೆ ಬರುತ್ತೆ. ಟ್ಯಾಂಕು ಉಕ್ಕಿನದಾದ್ರೆ ಆನೋಡ್ ರಾಡ್ (ಟ್ಯಾಂಕಿನ ಬದಲು ತಾನು ಕರಗೋ ಕೋಲು) ಇರುತ್ತೆ. 1 ಪೂರ್ಣಾಂಕ 1/16 ಇಂಚಿನ ಸಾಕೆಟ್ಟಿಂದ ಬಿಚ್ಚಿ ನೋಡಿ (ಬಿಸಿ ಇಲ್ಲದಾಗ, ಪ್ರೆಶರ್ ಇಳಿಸಿ). ರಾಡು ಮುಕ್ಕಾಲು ಭಾಗ ಕರಗಿದ್ರೆ ಬದಲಾಯಿಸಿದ್ರೆ ಆಯ್ತು. ಬರೀ ತಂತಿ ಉಳಿದಿದ್ರೆ ಟ್ಯಾಂಕನ್ನೇ ನೀರು ತಿನ್ನೋಕೆ ಶುರು ಮಾಡಿದೆ. ಅಲ್ಯೂಮಿನಿಯಂ ಟ್ಯಾಂಕಿಗೆ ಆನೋಡ್ ಇರಲ್ಲ, ಪ್ಲಾಸ್ಟಿಕ್ ಪ್ಲಗ್ ಇರುತ್ತೆ.

ಪಂಪಿನ ಪರೀಕ್ಷೆ ಸುಲಭ, ಆದರೆ ಬಹಳ ಹೇಳುತ್ತೆ. ಟ್ಯಾಂಕಿಗೆ ಕಾಲು ಭಾಗ ನೀರು ಹಾಕಿ, ಪಂಪ್ ಆನ್ ಮಾಡಿ, ಎಲ್ಲಾ ನಲ್ಲಿಯಿಂದ ಗಾಳಿ ಹೋಗಿ ನೀರು ಬಂದ ಮೇಲೆ ಮುಚ್ಚಿ. ಪಂಪ್ ನಿಲ್ಲಬೇಕು, ನಿಂತ ಮೇಲೆ ಹತ್ತು ನಿಮಿಷ ಮಾತಾಡಬಾರದು. ಆಗಾಗ ಗುರ್ ಗುರ್ ಅಂದ್ರೆ ಎಲ್ಲೋ ಒತ್ತಡ ಸೋರ್ತಿದೆ.

ಗ್ಯಾಸ್ ಲೈನಿಗೆ ಸರಿಯಾದ ಪರೀಕ್ಷೆ ಮಾನೋಮೀಟರಿಂದ: 8 ಇಂಚು ನೀರಿನ ಒತ್ತಡದಲ್ಲಿ 3 ನಿಮಿಷ ಕದಲದೆ ನಿಲ್ಲಬೇಕು. ಅದು ತಿಳಿದವರ ಕೈಯಲ್ಲೇ ಆಗಲಿ. ಸಿಲಿಂಡರ್ ಕತ್ತಿನ ಪಟ್ಟಿಯ ಮೇಲೆ ತಿಂಗಳು-ವರ್ಷ ಒತ್ತಿರ್ತಾರೆ, ತಯಾರಾದಾಗಿನಿಂದ 12 ವರ್ಷ ಊರ್ಜಿತ. ಆಮೇಲೆ ಮರುಪರೀಕ್ಷೆ ಇಲ್ಲದೆ ತುಂಬಿಕೊಡಲ್ಲ.

#8 ಸೀತಾಳೆ

ಇಷ್ಟೆಲ್ಲ ಹೇಳಿದ್ರಿ, ಆ ಪಿಕಪ್ ಇದನ್ನ ಎಳೆಯುತ್ತಾ ಅಂತ ಯಾರೂ ಕೇಳಲಿಲ್ಲವಲ್ಲ! ಜಾಹೀರಾತಲ್ಲಿ 9,000 ಪೌಂಡ್ ಎಳೆಯುತ್ತೆ ಅಂತ ಇರುತ್ತೆ, ಅದನ್ನ ಮರೆತುಬಿಡಿ. ಪಿಕಪ್ಪಿನ ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಒಂದು ಸ್ಟಿಕ್ಕರ್ ಇದೆ, ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ. ಮುಖ್ಯ ಅಂಕಿ ಅದೇ.

ಒಂದು ಲೆಕ್ಕ ಹಾಕಿ ತೋರಿಸ್ತೀನಿ, ನಿಮ್ಮ ಅಂಕಿ ನೀವು ಹಾಕ್ಕೊಳ್ಳಿ. ಟ್ರೇಲರ್ ಖಾಲಿ ತೂಕ 5,400. ಬ್ಯಾಟರಿ, ಗ್ಯಾಸು, ಪಾತ್ರೆ, ಬಟ್ಟೆ, ಹಾಸಿಗೆ ಅಂತ 870 ಸೇರುತ್ತೆ ಅನ್ನಿ. 40 ಗ್ಯಾಲನ್ ನೀರು ತುಂಬಿದ್ರೆ ಗ್ಯಾಲನ್ನಿಗೆ 8.3ರಂತೆ 332. ಒಟ್ಟು 6,600ರ ಸಮೀಪ. ಅದರ 10ರಿಂದ 15% ಕೊಕ್ಕೆಯ ಮೇಲೆ ಕೂರಬೇಕು, 12.5% ಹಿಡಿದ್ರೆ 825 ಪೌಂಡ್. ಈಗ ಪಿಕಪ್: ಸ್ಟಿಕ್ಕರ್ 1,450 ಅನ್ನುತ್ತೆ ಅಂದ್ಕೊಳ್ಳಿ. ನಾಲ್ಕು ಜನ 600, ಹಿಚ್ಚಿನ (ಟ್ರೇಲರ್ ಸಿಕ್ಕಿಸೋ ಕೊಂಡಿಯ) ಕಬ್ಬಿಣವೇ 100. ಉಳಿದದ್ದು 750. ಎಳೆಯೋ ಶಕ್ತಿ ಇನ್ನೂ ಬೇಕಾದಷ್ಟಿದೆ, ಹೊರೋ ಶಕ್ತಿ 75 ಪೌಂಡ್ ಕಮ್ಮಿ ಬಿತ್ತು. ತೂಕ ಹಂಚೋ ಹಿಚ್ ಹಾಕಿದ್ರೆ ಸ್ವಲ್ಪ ಭಾರ ಟ್ರೇಲರಿನ ಆಕ್ಸಲ್ಲಿಗೆ ವಾಪಸ್ ಹೋಗುತ್ತೆ ನಿಜ, ಆದರೆ ಅದನ್ನೇ ನಂಬಿ ಕೊಳ್ಳಬೇಡಿ. ಮುಂದೆ ಹಗುರ ಮಾಡೋಣ ಅಂತ ಸಾಮಾನೆಲ್ಲ ಹಿಂದಕ್ಕೆ ತುಂಬಿದ್ರೆ ಹೈವೇಲಿ ಟ್ರೇಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತೆ, ಅದು ಇನ್ನೂ ಅಪಾಯ.

ಕಾಗದ: ಟೈಟಲ್ (ಮಾಲೀಕತ್ವದ ಪತ್ರ) ಮಾಲೀಕರ ಕೈಲಿದೆಯಾ, ಬ್ಯಾಂಕಿನ ಸಾಲ ಉಂಟಾ, ಮೇಲೆ ಸಾಲ್ವೇಜ್ (ಹಿಂದೆ ತೀರಾ ಹಾಳಾಗಿದ್ದ ಗಾಡಿ ಅನ್ನೋ) ಮುದ್ರೆ ಇದೆಯಾ. ಸಾಲ ಇದ್ರೆ ಬ್ಯಾಂಕಿನಲ್ಲೇ ಕೂತು ದುಡ್ಡು ಕೊಡಿ. ಟೈಟಲ್ಲಿನ 17 ಅಕ್ಷರದ ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ಗಾಡಿ ಮೇಲಿನದಕ್ಕೆ ತಾಳೆ ಆಗಬೇಕು. ಅದೇ ನಂಬರ್ ಹಾಕಿ ಎನ್‌ಎಚ್‌ಟಿಎಸ್‌ಎ (ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ) ವೆಬ್‌ಸೈಟಲ್ಲಿ ರೀಕಾಲ್ (ದೋಷ ಸರಿಪಡಿಸೋಕೆ ತಯಾರಕರು ವಾಪಸ್ ಕರೆದಿರೋದು) ನೋಡಿ. ಫ್ರಿಜ್, ಒಲೆ ಥರದ ಉಪಕರಣಗಳಿಗೆ ಬೇರೆಯಾಗಿ ರೀಕಾಲ್ ಆಗಿರುತ್ತೆ, ಅವುಗಳ ಮಾಡೆಲ್ ನಂಬರನ್ನೂ ಬರ್ಕೊಂಡು ಹುಡುಕಿ.

#9 ಕುಡ್ಲ_ಕಡಲು

ಇನ್‌ಸ್ಪೆಕ್ಟರ್ ಕರೆಸುದು ಬೇಡ್ವಾ? ಎನ್‌ಆರ್‌ವಿಐಎ (ಇಂಥ ಗಾಡಿ ಪರೀಕ್ಷಿಸುವವರ ಸಂಘ) ಸರ್ಟಿಫಿಕೇಟ್ ಇದ್ದವರು ಇಡೀ ದಿನ ಕೂತು ಫೋಟೋ ಸಮೇತ ವರದಿ ಕೊಡ್ತಾರೆ.

#10 ಸ್ಪ್ಯಾನರ್_ಪೆಟ್ಟಿಗೆ

ಬೇಕು, ಆದರೆ ಎರಡನೇ ಸುತ್ತಿಗೆ. ಕೊಳೆತದ್ದನ್ನ ತಾವೇ ನೋಡಿ ಬಿಟ್ಟು ಬರೋಕೆ ನೂರಾರು ಡಾಲರ್ ಫೀಸ್ ಕೊಡಬೇಕಾಗಿಲ್ಲ. ನಮ್ಮ ನಾಲ್ಕು ಗಂಟೆಯಲ್ಲಿ ಪಾಸಾದ ಗಾಡಿಗೆ ಕರೆಸಿ. ಅದೂ ಮಾರುವವರು ಸೂಚಿಸಿದ ವ್ಯಕ್ತಿ ಬೇಡ.

#11 ಹೊಸಗಾಡಿ_ಓಹಾಯೋ

ಶನಿವಾರ ನೋಡಿ ಬಂದ್ವಿ. ಅಳತೆಗಳು:

ಟೈರ್ ಕೋಡ್ ಎರಡು 1116, ಎರಡು 3719, ಸ್ಪೇರ್ 4813. ಎಸಿ ಒಳಗೆ ಹೋಗೋ ಗಾಳಿ 78, ಬರೋದು 60. ಫ್ರಿಜ್ ಒಳಗೆ 38 ಡಿಗ್ರಿ, ಗ್ಯಾಸಲ್ಲೂ ಹೊತ್ತಿತು, ಹಳದಿ ಕಲೆ ಇಲ್ಲ. ಬ್ಯಾಟರಿ 12.1, ಪ್ಲಗ್ ಹಾಕಿದ್ರೂ 12.1. ಪಂಪ್ 40 ಸೆಕೆಂಡಿಗೊಮ್ಮೆ ಗುರ್ ಅನ್ನುತ್ತೆ, ಒಳಗೆಲ್ಲೂ ಹನಿ ಕಾಣಲಿಲ್ಲ. ಬ್ರೇಕ್ 12 ಆಂಪ್. ಸ್ಲೈಡ್ ಎರಡು ಸಲ ಪೂರ್ತಿ ಹೋಗಿ ಬಂತು. ಗೋಡೆಯಲ್ಲಿ ಉಬ್ಬಿಲ್ಲ. ಬಾಗಿಲ ಹತ್ತಿರ ಅಂಗೈಯಷ್ಟು ನೆಲ ಸ್ವಲ್ಪ ಮೆತ್ತಗಿದೆ. ಮೀಟರ್ ಎಲ್ಲಾ ಕಡೆ 9-11%, ಮುಂದಿನ ಎಡಮೂಲೆಯ ಮೇಲಿನ ಕಪಾಟಲ್ಲಿ ಮಾತ್ರ 24%, ಅದರ ನೇರ ಕೆಳಗೆ ಸಾಮಾನಿನ ಖಾನೆಯಲ್ಲಿ 19%. ಮಾಲೀಕರು 11,000ಕ್ಕೆ ಇಳಿದಿದ್ದಾರೆ.

#12 ಮೂರ್_ಫೇಸ್

ಬ್ಯಾಟರಿ ವಿಷಯ ಸಣ್ಣದೂ ಇರಬಹುದು. ಬ್ಯಾಟರಿ ಡಿಸ್ಕನೆಕ್ಟ್ ಸ್ವಿಚ್ ಆಫ್ ಆಗಿತ್ತಾ? ಇಲ್ಲ ಅಂದ್ರೆ ಫ್ಯೂಸ್ ಪ್ಯಾನಲಿನಲ್ಲಿ ರಿವರ್ಸ್ ಪೋಲಾರಿಟಿ ಅಂತ ಬರೆದಿರೋ ದೊಡ್ಡ ಫ್ಯೂಸುಗಳನ್ನ ನೋಡಿ. ಯಾರಾದ್ರೂ ಬ್ಯಾಟರಿ ವೈರ್ ಉಲ್ಟಾ ಹಾಕಿದ್ರೆ ಮೊದಲು ಹೋಗೋದು ಅವೇ. ಕನ್ವರ್ಟರ್ ಬಾಯಲ್ಲಿ 13.6 ಬರ್ತಿದ್ದು ಬ್ಯಾಟರಿಯಲ್ಲಿ 12.1 ಇದ್ರೆ ದಾರಿಯಲ್ಲಿ ತೊಂದರೆ. ಬಾಯಲ್ಲೇ ಬರದಿದ್ರೆ ಕನ್ವರ್ಟರ್ ಹೋಗಿದೆ.

#13 ಸ್ಪ್ಯಾನರ್_ಪೆಟ್ಟಿಗೆ

ಪಂಪು: ಹೊರಗೆ ಹೋಸ್ ಸಿಕ್ಕಿಸೋ ಬಾಯಿಂದ ತೊಟ್ಟಿಕ್ತಿದ್ರೆ ಅಲ್ಲಿನ ಚೆಕ್ ವಾಲ್ವ್ (ನೀರು ವಾಪಸ್ ಬರದಂತೆ ತಡೆಯೋದು) ಹೋಗಿದೆ. ಅಲ್ಲಿ ಒಣಗಿದ್ರೆ ಪಂಪ್ ಆಫ್ ಮಾಡಿ, ಹೋಸ್ ಹಾಕಿ ಹೊರಗಿನ ನೀರು ಬಿಡಿ. ಟ್ಯಾಂಕ್ ತಾನಾಗೇ ತುಂಬ್ತಾ ಹೋದ್ರೆ ಪಂಪಿನೊಳಗಿನ ವಾಲ್ವ್. ಎರಡೂ ಸಣ್ಣ ರಿಪೇರಿ. ಎರಡೂ ಅಲ್ಲ ಅಂದ್ರೆ ನೆಲದ ಕೆಳಗೆಲ್ಲೋ ಸೋರ್ತಿದೆ. ಎಸಿ 18 ಡಿಗ್ರಿ, ಚೆನ್ನಾಗಿದೆ.

#14 ಧಾರವಾಡದಾಂವ

1116 ಟೈರು ಎರಡೂ ತಗೀಬೇಕು, ಸ್ಪೇರೂ ತಗೀಬೇಕು. 3719 ಸೈತ ವಯಸ್ಸಾದ್ವು. ಅಂದ್ರ ಐದೂ ಲೆಕ್ಕಕ್ಕ ಹಿಡೀರಿ. ಆದ್ರ ನನಗ ಟೈರಿಂದು ಚಿಂತಿ ಇಲ್ಲ. ಮ್ಯಾಲ 24, ಕೆಳಗ 19 ಅಂದ್ರ ನೀರು ಗ್ವಾಡಿ ಒಳಗ ಕೆಳಗಿನ ಮಟ ಇಳದದ. ಗ್ವಾಡಿ ಉಬ್ಬಿಲ್ಲ ಅಂತ ಸಮಾಧಾನ ಮಾಡ್ಕೋಬ್ಯಾಡ್ರಿ, ಉಬ್ಬು ಬರೂದು ಕಡೀಕ.

#15 ಸೀತಾಳೆ

ಟೈರು, ಪಂಪು, ಕನ್ವರ್ಟರು, ಇವನ್ನ ಬೆಲೆಯಲ್ಲಿ ಕಳೆಯಬಹುದು. ಆ ಮೂಲೆಯನ್ನ ಹೇಗೆ ಕಳೀತೀರಿ? 1,500 ಇಳಿಸಿದ್ದು ಬರೀ ಟೈರಿಗೆ, ಕನ್ವರ್ಟರಿಗೆ ಹೊಂದಬಹುದು, ಅಷ್ಟೇ.

#16 ಕುಡ್ಲ_ಕಡಲು

ಬೆಲೆ ಮಾತಾಡುವ ಮುಂಚೆ ಒಂದು ಪರೀಕ್ಷೆ ಮಾಡಿಸಿ. ಮಾಡಿನ ವೆಂಟಿಗೆ ದೊಡ್ಡ ಫ್ಯಾನ್ ಕೂಡಿಸಿ ಟ್ರೇಲರ್ ಒಳಗೆ ಗಾಳಿ ತುಂಬಿಸ್ತಾರೆ, ಬೇರೆ ಎಲ್ಲ ವೆಂಟು ಕಿಟಕಿ ಮುಚ್ಚಿ. ಹೊರಗಿಂದ ಸೋಪಿನ ನೀರು ಚಿಮುಕಿಸಿದ್ರೆ ತೂತು ಇದ್ದಲ್ಲಿ ಗುಳ್ಳೆ ಏಳ್ತದೆ. ಕೆಲವು ಆರ್‌ವಿ (ಇಂಥ ಮನೆಗಾಡಿ) ರಿಪೇರಿ ಅಂಗಡಿಯವರಲ್ಲಿ ಈ ಯಂತ್ರ ಉಂಟು. ಮುಂದಿನ ಎಡ ಮಾರ್ಕರ್ ಲೈಟು, ಮೂಲೆಯ ಪಟ್ಟಿಯ ಒಳಗಿನ ವಿನೈಲ್ ಸೇರಿದ ಜಾಗ ವಿಶೇಷ ನೋಡ್ಲಿಕ್ಕೆ ಹೇಳಿ. ಆ ವಿನೈಲ್ ಬಿಸಿಲಿಗೆ ಕುಗ್ಗಿ ತುದಿಯಲ್ಲಿ ಅರ್ಧ ಇಂಚು ಬಿಟ್ಟಿರ್ತದೆ, ಅದರ ಒಳಗಿನ ಸ್ಕ್ರೂ ಎಲ್ಲ ತುಕ್ಕು. ಮತ್ತೆ ಖಾನೆಯ ಒಳಗೆ, 19 ಬಂದಲ್ಲಿ, ಮಾಲೀಕರನ್ನು ಕೇಳಿ ದಬ್ಬಳ ಹಾಕಿ.

#17 ಹೊಸಗಾಡಿ_ಓಹಾಯೋ

ಮಾಡಿಸಿದ್ವಿ. ಮಾರ್ಕರ್ ಲೈಟ್ ಸುತ್ತ ಗುಳ್ಳೆ, ಮೂಲೆ ಪಟ್ಟಿಯಲ್ಲಿ ಸುಮಾರು 14 ಇಂಚು ಉದ್ದಕ್ಕೂ ಗುಳ್ಳೆ. ಖಾನೆಯಲ್ಲಿ ಕೆಳಗಿನ ಮರದ ಪಟ್ಟಿಗೆ ದಬ್ಬಳ ಒಂದೂವರೆ ಇಂಚು ಹಾಗೇ ಹೋಯ್ತು. ಬಿಟ್ಟು ಬಂದ್ವಿ. ಬರುವ ವಾರ ಇನ್ನೊಂದಿದೆ: 2017, 24 ಅಡಿ, ಹೊರಗೋಡೆ ಅಡ್ಡಗೆರೆಯ ಅಲ್ಯೂಮಿನಿಯಂ ತಗಡು. ಅದರಲ್ಲಿ ಡಿಲ್ಯಾಮಿನೇಶನ್ ತಾಪತ್ರಯ ಇಲ್ಲ ಅಲ್ವಾ?

#18 ಕುಡ್ಲ_ಕಡಲು

ಅದು ಇಲ್ಲ, ಆದ್ರೆ ಅದೇ ಕಷ್ಟ. ತಗಡು ಉಬ್ಬುದಿಲ್ಲ, ಒಳಗಿನ ಮರದ ಚೌಕಟ್ಟು ಪೂರ್ತಿ ಕೊಳೆತ್ರೂ ಹೊರಗೆ ಏನೂ ಕಾಣುದಿಲ್ಲ. ಅದರಲ್ಲಿ ಒಳಗಿನ ಗೋಡೆಯೇ ಸಾಕ್ಷಿ. ಕಿಟಕಿಯ ಕೆಳಗೆ ವಾಲ್‌ಪೇಪರ್ ಸುಕ್ಕು, ಮೂಲೆಯಲ್ಲಿ ಸ್ಟೇಪಲ್ ಪಿನ್ನು ತುಕ್ಕಿನ ಬೊಟ್ಟು ಇಟ್ಟ ಹಾಗೆ ಕಂಡ್ರೆ ಅಲ್ಲಿ ನಿಲ್ಲಿ. ಹೊರಗಿಂದ ಕೆಳಗಿನ ಅಂಚಿನ ತಗಡನ್ನು ಎರಡು ಬೆರಳಲ್ಲಿ ಮೆಲ್ಲ ಎಳೀರಿ. ಮರ ಗಟ್ಟಿ ಇದ್ರೆ ಸ್ಕ್ರೂ ಅಲ್ಲಾಡುದಿಲ್ಲ. ಕೊಳೆತಿದ್ರೆ ಸ್ಕ್ರೂ ಸಮೇತ ಕೈಗೆ ಬರ್ತದೆ. ಹಿಂದಿನ ಬಂಪರ್ ಮೇಲಿನ ಎರಡು ಮೂಲೆಯಿಂದ ಶುರು ಮಾಡಿ.